ಅವ್ವನ ಮುಖ ಬಿದ್ದವಳು

ನನ್ನ ಅಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟುಕೊಂಡು ಬರೆಯಲು ಕೂತರೆ ಮುಂದಿನ ಒಂದು ಮಾತೂ ನಿಜವಾಗುವುದಿಲ್ಲ, ಅದಕ್ಕೇ ಮೊದಲು ಹೇಳಿಬಿಡುತ್ತೇನೆ. ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ನಾಲ್ಕು ಮಂದಿಯ ಮುಂದೆ ಬೈದು ಹಗುರಾಗಬಹುದಿತ್ತು. ಅವಳು ಮಾಡಿದ್ದು ಒಂದೇ ತಪ್ಪು. ಅವ್ವನ ಮುಖ ಹೊತ್ತುಕೊಂಡು ನನಗಿಂತ ಮೊದಲು ಹುಟ್ಟಿದಳು.

ನಮ್ಮ ತವರು ಹಂಸಭಾವಿ. ಹೊಲ ಮನೆ ಇದ್ದವರು, ಹೀಗಾಗಿ ಬಂದು ಹೋಗುವವರಿಗೆ ಬರವಿರಲಿಲ್ಲ. ಬಂದ ಹೆಂಗಸರೆಲ್ಲ ಅಕ್ಕನ ಗದ್ದ ಹಿಡಿದು, "ಅವ್ವನ ಮುಖಾನ ಬಿದ್ದೈತಿ ನೋಡ್ರಿ, ತಾಯಿಯಂತೆ ಮಗಳು, ನೂಲಿನಂತೆ ಸೀರಿ" ಅನ್ನುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಏನಾದರೂ ಹೇಳಬೇಕಲ್ಲ ಎಂದು, "ಇಕಿ ಅಪ್ಪನ್ ಕಡೀಕಿ" ಅನ್ನುತ್ತಿದ್ದರು. ಅಪ್ಪನ ಅಗಲ ಹಣೆ, ದಪ್ಪ ಮೂಗು ಅಪ್ಪನಿಗೆ ಚೆಂದವಾಗಿ ಒಪ್ಪುತ್ತಿದ್ದವು. ಅದೇ ಮುಖವನ್ನು ಮೀಸೆಯಿಲ್ಲದೆ ಹೊತ್ತು ತಿರುಗುವುದು ಎಷ್ಟು ಕಷ್ಟ ಎಂದು ಯಾರೂ ನನ್ನನ್ನು ಕೇಳಲಿಲ್ಲ.

ಅವ್ವ ಭೇದ ಮಾಡುತ್ತಿದ್ದಳೇ ಎಂದರೆ, ಇಲ್ಲ. ಇಬ್ಬರಿಗೂ ರೊಟ್ಟಿ ಸಮ, ಬೆಣ್ಣೆ ಸಮ, ಬೈಗುಳ ಮಾತ್ರ ನನಗೆ ಒಂದು ಹಿಡಿ ಹೆಚ್ಚು. ಆದರೆ ಅಕ್ಕನ ತಲೆ ಬಾಚುವಾಗ ಅವಳ ಕೈ ನಿಧಾನವಾಗುತ್ತಿತ್ತು. "ನನ್ನ ಕೂದಲಾನೂ ಹಿಂಗ ಇದ್ವು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನನ್ನ ಸರದಿ ಬಂದಾಗ, "ನಿಮ್ಮ ಅತ್ತಿ ಕೂದಲ ಇವು, ಬಾಚಣಿಕಿ ಮುರೀತಾವ" ಎಂದು ಎಳೆದು ಜಡೆ ಹಾಕಿ ಎಬ್ಬಿಸಿಬಿಡುತ್ತಿದ್ದಳು. ಅತ್ತೆ ಎಂದರೆ ಅಪ್ಪನ ತಂಗಿ, ರಟ್ಟೀಹಳ್ಳಿಗೆ ಕೊಟ್ಟಿದ್ದ ಹೆಂಗಸು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವಳು ತೀರಿಕೊಂಡಾಗಿತ್ತು. ಸತ್ತವಳ ಕೂದಲು, ಬದುಕಿರುವ ಗಂಡಸಿನ ಮೂಗು, ಇಷ್ಟು ನನ್ನ ಪಾಲಿಗೆ ಬಂದದ್ದು.

ಅಕ್ಕನನ್ನು ಹಾನಗಲ್ಲಿಗೆ ಕೊಟ್ಟರು. ಭತ್ತದ ಗದ್ದೆ, ಮಾವಿನ ತೋಟ, ನಡುಮನೆಯಲ್ಲಿ ಜೋಕಾಲಿ. ನನ್ನನ್ನು ಸವಣೂರಿಗೆ ಕೊಟ್ಟರು. ನಮ್ಮ ಮನೆಯವರದು ಖಾರ, ಚೂಡಾ ಮಾರುವ ತಿಂಡಿ ಅಂಗಡಿ. ಮನೆ ಸಣ್ಣದು, ಮನುಷ್ಯ ಒಳ್ಳೆಯವರು, ಮಾತು ಕಡಿಮೆ. ನಾನು ಹಿರೇಕೆರೂರಿನಲ್ಲಿ ಹೊಲಿಗೆ ಕಲಿತಿದ್ದೆ, ಮನೆಯ ಮುಂದಿನ ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡೆ. ನಮ್ಮ ಕಡೆ ರವಿಕೆಗೆ ಜಂಪರ ಎನ್ನುತ್ತಾರೆ. ಸವಣೂರಿನ ಅರ್ಧ ಪೇಟೆಯ ಹೆಂಗಸರ ಜಂಪರ ನನ್ನ ಕೈಯಲ್ಲಿ ಆಗಿವೆ. ಅವ್ವನವೂ ನಾನೇ ಹೊಲಿಯುತ್ತಿದ್ದೆ. ಅವಳಿಗಾಗಿ ಒಳ್ಳೆಯ ಅರಿವೆ ತೆಗೆದಿಡುತ್ತಿದ್ದೆ, ತೋಳಿಗೆ ಸಣ್ಣ ಅಂಚು ಕೊಡುತ್ತಿದ್ದೆ. ಅದೊಂದರಲ್ಲಿ ಅಕ್ಕನಿಗೆ ಕೈ ಹಾಕಲು ಜಾಗವಿರಲಿಲ್ಲ.

ಒಂದು ಪಂಚಮಿಗೆ ತವರಿಗೆ ಹೋದಾಗ ನೋಡುತ್ತೇನೆ, ಅವ್ವನಿಗೆಂದು ಹೊಲಿದುಕೊಟ್ಟ ಕೆಂಪು ಖಣದ ಜಂಪರ ಅಕ್ಕನ ಮೈಮೇಲಿತ್ತು. ಒಂದು ಹೊಲಿಗೆ ಬಿಚ್ಚಿರಲಿಲ್ಲ, ಒಂದು ಹೊಲಿಗೆ ಹೆಚ್ಚಿಗೆ ಹಾಕಿರಲಿಲ್ಲ. ತೋಳು, ಎದೆ, ಬೆನ್ನು ಎಲ್ಲ ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. "ಅವ್ವನ ಜಂಪರ ನನಗ ಹಂಗ ಆಕ್ಕಾವ ನೋಡು ತಂಗಿ" ಎಂದಳು. ಸಿಟ್ಟಿಗೆ ಅವತ್ತು ನಾನು ಉಂಡೆ ಕಟ್ಟುವಾಗ ಕೈಯಲ್ಲಿ ಎಷ್ಟು ಬಲ ಹಾಕಿದ್ದೆನೆಂದರೆ, ಅವನ್ನು ಕಲ್ಲಿನ ಮೇಲೆ ಕುಟ್ಟಿ ತಿನ್ನಬೇಕಾಯಿತು.

ಆಮೇಲೆ ಅವ್ವನಿಗೆ ದೊಡ್ಡ ಬ್ಯಾನಿ ಬಂತು. ನಮ್ಮ ಕಡೆ ಕ್ಯಾನ್ಸರ್ ಎನ್ನುವ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡ ಬ್ಯಾನಿ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಎದೆಯಲ್ಲಿ ಗಂಟು ಕೈಗೆ ಹತ್ತುತ್ತಿದ್ದರೂ ಅವಳು ಬಹಳ ದಿನ ಯಾರಿಗೂ ಹೇಳಲಿಲ್ಲ. ಆಗ ಅಕ್ಕನ ಮಗಳನ್ನು ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಗೆ ಕೊಡುವ ಮಾತು ನಡೆದಿತ್ತು. ಅಜ್ಜಿಗೆ ಹೀಗಿದೆ ಎಂದು ಗೊತ್ತಾದರೆ ಬೀಗರು ಹಿಂದೆ ಮುಂದೆ ನೋಡುತ್ತಾರೆಂದು ಅವಳು ಸೆರಗು ಬಿಗಿ ಮಾಡಿಕೊಂಡು ಮದುವೆಯಲ್ಲಿ ಓಡಾಡಿದಳು. ಅಕ್ಷತೆ ಬಿದ್ದ ಮೇಲೆ ಬಾಯಿಬಿಟ್ಟಳು. ಹುಬ್ಬಳ್ಳಿಯಲ್ಲಿ ಒಂದು ಕಡೆಯ ಎದೆ ತೆಗೆದರು. ತಡವಾಗಿತ್ತು.

ಆಪರೇಶನ್ ಆದ ಮೇಲೆ ಅವ್ವ ಹಾನಗಲ್ಲಿನಲ್ಲಿ ಅಕ್ಕನ ಮನೆಯಲ್ಲೇ ಇದ್ದಳು. ಮನೆ ದೊಡ್ಡದು, ಆಳು ಕಾಳು ಇದ್ದರು, ಬಿಸಿನೀರಿಗೆ ತೊಂದರೆ ಇರಲಿಲ್ಲ, ಎಲ್ಲ ಸರಿ. ನಾನು ಬಂಕಾಪುರದಲ್ಲಿ ಬಸ್ಸು ಬದಲಿಸಿಕೊಂಡು ಹೋಗಿ ನೋಡಿ ಬರುತ್ತಿದ್ದೆ. ಹೋದಾಗೆಲ್ಲ ನಾನು ಅತಿಥಿ. ಅಕ್ಕ ಅವ್ವನ ಕೋಣೆಯ ಬಾಗಿಲು ಹಾಕಿಕೊಂಡು ಗಾಯ ತೊಳೆಯುತ್ತಿದ್ದಳು, ನಾನು ಹೊರಗೆ ಜೋಕಾಲಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ.

ಒಮ್ಮೆ ನಾನು ಹೇಳಿದೆ, "ಅವ್ವಾ, ಒಂದು ಕಡೆ ಹತ್ತಿ ಅರಳಿ ಇಟ್ಟು ಜಂಪರ ಹೊಲೀತೇನಿ. ಮಂದಿ ಕಣ್ಣಿಗೆ ಏನೂ ಕಾಣೂದಿಲ್ಲ. ಅಳತಿ ತಗೋತೇನಿ ತಡಿ." ಟೇಪು ತೆಗೆದುಕೊಂಡೇ ಹೋಗಿದ್ದೆ. ಅವ್ವ ಸೆರಗು ಎಳೆದುಕೊಂಡಳು.

"ಬ್ಯಾಡ. ಅಕ್ಕನ ಕೈಯಾಗ ಅಳತಿ ಕಳಿಸ್ತೇನಿ."

"ನಾ ಹೊಲ್ಯಾಕಿ ಅಲ್ಲೇನವ್ವಾ, ಆಕಿಗೇನ ತಿಳೀತೈತಿ?"

"ಆಕಿ ನೋಡ್ಯಾಳ. ನೀ ನೋಡಬ್ಯಾಡ."

ನಾನು ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅಕ್ಕ ತೆಗೆದ ಅಳತೆಯ ಮೇಲೆ ಅವ್ವನ ಕೊನೆಯ ಜಂಪರ ಹೊಲಿದೆ, ಹೊಲಿಯುವಷ್ಟು ಹೊತ್ತೂ ಅಳುತ್ತಲೇ ಇದ್ದೆ. ದುಃಖಕ್ಕೆ ಎಷ್ಟು, ಹೊಟ್ಟೆಕಿಚ್ಚಿಗೆ ಎಷ್ಟು ಎಂದು ಇವತ್ತಿಗೂ ನನಗೆ ಬಿಡಿಸಿ ಹೇಳಲಾಗುವುದಿಲ್ಲ.

ಅವ್ವ ಹೋದಳು. ಹಂಸಭಾವಿಯಲ್ಲಿ ಕಾರ್ಯ ಮುಗಿಸಿ, ಹುಗ್ಗಿ ಊಟ ಆಗಿ, ಹೊರಗಿನವರೆಲ್ಲ ಹೋದ ಮೇಲೆ ಮನೆಯವರಷ್ಟೇ ಕೂತಿದ್ದೆವು. ಭಾವ ಒಂದು ಮಾತು ತೆಗೆದರು. ಹುಬ್ಬಳ್ಳಿಯ ಡಾಕ್ಟರು, ತಾಯಿಗೆ ಬಂದದ್ದರಿಂದ ಹೆಣ್ಣುಮಕ್ಕಳು ತೋರಿಸಿಕೊಳ್ಳಬೇಕು ಎಂದಿದ್ದರಂತೆ. ನಮ್ಮ ಸೋದರಮಾವ, ಅವ್ವನ ಅಣ್ಣ, ಇಂಥ ಹೊತ್ತಿನಲ್ಲಿ ತೀರ್ಪು ಕೊಡುವ ಮನುಷ್ಯ. ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಹೇಳಿದರು.

"ಮುಖ ಯಾರಿಗೆ ಬಿದ್ದೈತೋ, ಬ್ಯಾನೀನೂ ಅವರಿಗೇ ಬೀಳೂದು. ನಮ್ಮ ಅಪ್ಪನ ದಮ್ಮು ನನಗ ಬಂತು, ಯಾಕಂದ್ರ ನನ್ನ ಮುಖ ಅಪ್ಪಂದು. ತಮ್ಮಗ ಬಂತೇನು? ಇಲ್ಲ. ದೊಡ್ಡಾಕಿನ ತೋರಿಸ್ರಿ."

ಯಾರೂ ಇಲ್ಲ ಎನ್ನಲಿಲ್ಲ, ನಮ್ಮಲ್ಲಿ ಇದು ಹೊಸ ಮಾತೇನಲ್ಲ. ಕೂಸು ಹುಟ್ಟಿದ ಕೂಡಲೇ ಮುಖ ಯಾರದೆಂದು ನೋಡಿ, ಅವರ ಸಿಟ್ಟು, ಅವರ ಆಯುಷ್ಯ, ಅವರ ಬ್ಯಾನಿ ಎಲ್ಲವನ್ನೂ ಅದರ ತಲೆಗೆ ಕಟ್ಟಿಬಿಡುತ್ತಾರೆ. ಚಿಕ್ಕವ್ವ, ಅವ್ವನ ಒಡಹುಟ್ಟಿದ ತಂಗಿ, ನಿಜ ಹೇಳಬೇಕೆಂದರೆ ಅವಳೂ ತೋರಿಸಿಕೊಳ್ಳಬೇಕಾದವಳೇ. "ನಂದೂ ಅಪ್ಪನ ಮುಖ" ಎಂದು ತಾನೇ ತನಗೆ ತೀರ್ಪು ಕೊಟ್ಟುಕೊಂಡು ಪಾರಾದಳು. ಎಲ್ಲರ ಕಣ್ಣೂ ಅಕ್ಕನ ಮೇಲೆ ನಿಂತವು. ಚಿಕ್ಕವ್ವ ಅವಳ ತಲೆ ಸವರಿದಳು, ಭಾವ ಎದ್ದು ನೀರು ತಂದುಕೊಟ್ಟರು. ನಾನು ಕಂಬಕ್ಕೆ ಒರಗಿ ಕೂತೇ ಇದ್ದೆ. ಒಬ್ಬರಾದರೂ ನನ್ನ ಕಡೆ ನೋಡಿದ್ದರೆ ಈ ಬರಹ ಇಷ್ಟು ಉದ್ದ ಆಗುತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ಅಕ್ಕನ ಫೋನು ಬಂತು. "ನಾಳೆ ಹುಬ್ಬಳ್ಳಿಗೆ ಹೊಂಟೇವಿ. ಮಾವ, ಚಿಕ್ಕವ್ವ ಎಲ್ಲಾರೂ ಬರಾಕತ್ತಾರ. ನನಗ ಎದಿ ಹಾರಾಕತ್ತೈತಿ."

"ನಾನೂ ಬರ್ಲೇನು?"

"ನೀ ಯಾಕ ಬರ್ತಿ, ಅಂಗಡಿ ಮನಿ ಬಿಟ್ಟು."

"ಹಂಗಲ್ಲ. ನಾನೂ ತೋರಿಸ್ಕೋತೇನಿ."

ಅಕ್ಕ ನಕ್ಕಳು. ಪ್ರೀತಿಯಿಂದಲೇ ನಕ್ಕಳು, ಅದೇ ತೊಂದರೆ. "ನಿನಗೇನಾಗೂದಿಲ್ಲ ಹುಚ್ಚಿ. ನೀ ಅಪ್ಪನ್ ಕಡೀಕಿ. ಆರಾಮಿರು."

ಫೋನು ಇಟ್ಟು ಮಷಿನ್ ಮುಂದೆ ಕೂತೆ. ಯಾರದೋ ಜಂಪರದ ಎಡ ತೋಳನ್ನು ಬಲಕ್ಕೆ ಕೂಡಿಸಿಬಿಟ್ಟೆ. ಅವ್ವನ ಸೀರೆ ಅವಳಿಗೆ, ಅವ್ವನ ಕೊರಳಿನ ಬಂಗಾರದ ಬೋರಮಾಳ ಅವಳಿಗೆ, ಅವ್ವನ ಗಾಯ ತೊಳೆಯುವ ಭಾಗ್ಯವೂ ಅವಳಿಗೆ. ಈಗ ಅವ್ವನ ಬ್ಯಾನಿಗೂ ಅವಳೊಬ್ಬಳೇ ಮಗಳು.

ಅಕ್ಕನಿಗೆ ಏನೂ ಇರಲಿಲ್ಲ. ಭಾವ ಹಾನಗಲ್ಲಿನಲ್ಲಿ ಹೋಳಿಗೆ ಊಟ ಹಾಕಿಸಿದರು, ಮುತ್ತೈದೆಯರನ್ನು ಕರೆದು ಉಡಿ ತುಂಬಿಸಿದರು. ಬಂದವರೆಲ್ಲ ಅಕ್ಕನ ಮುಖಕ್ಕೆ ಕೈಯಿಟ್ಟು ನೆಟಿಗೆ ಮುರಿದರು. ಅವಳು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು, ಅವ್ವ ತನ್ನ ಚೆಂದದ ದಿನಗಳಲ್ಲಿ ಕೂತ ಹಾಗೇ ಇತ್ತು. ನನಗೆ ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ. ಸಂತೋಷದ ಜೊತೆಗೇ ಮೈಯೂ ಉರಿಯುತ್ತಿತ್ತು. ಅಡುಗೆಮನೆಯಲ್ಲಿ ಅವಳು ಒಬ್ಬಳೇ ಸಿಕ್ಕಾಗ ಕೇಳಿಯೇಬಿಟ್ಟೆ.

"ನಾನೇನ ಅವ್ವನ ಮಗಳಲ್ಲೇನು? ನನ್ನನ್ನ ಯಾಕ ಕರಕೊಂಡು ಹೋಗಲಿಲ್ಲ?"

ಅಕ್ಕ ಹೋಳಿಗೆಗೆ ತುಪ್ಪ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. "ಬ್ಯಾನಿಗೂ ಹೊಟ್ಟಿಕಿಚ್ಚ ಪಡ್ತಾರೇನ ತಂಗಿ?"

ಬಾಗಿಲಲ್ಲಿ ಬಂದು ನಿಂತಿದ್ದ ಚಿಕ್ಕವ್ವ ಕೇಳಿಸಿಕೊಂಡಳು, ನಕ್ಕಳು. ಪಂಕ್ತಿಯಲ್ಲಿ ಕೂತವರಿಗೂ ಮಾತು ಮುಟ್ಟಿತು, ಅವರೂ ನಕ್ಕರು. ನಾನು ಎರಡನೆಯ ಹೋಳಿಗೆಗೆ ಕೈಯಡ್ಡ ಹಿಡಿದು ಎದ್ದು, ಮಧ್ಯಾಹ್ನದ ಬಸ್ಸಿಗೇ ಸವಣೂರಿಗೆ ಬಂದೆ.

ಮುಂದಿನ ತಿಂಗಳು ನಮ್ಮ ಸರ್ಕಾರಿ ದವಾಖಾನೆಯಲ್ಲಿ ಹೆಂಗಸರ ತಪಾಸಣೆ ಇಟ್ಟಿದ್ದರು. ನಾನು ಹೋದೆ. ಆರೋಗ್ಯದ ಕಾಳಜಿಯಿಂದ ಹೋದೆ ಎಂದರೆ ದೇವರು ಮೆಚ್ಚುವುದಿಲ್ಲ. ಅಕ್ಕ ತೋರಿಸಿಕೊಂಡಳು, ನಾನೂ ತೋರಿಸಿಕೊಳ್ಳಬೇಕು, ಅಷ್ಟೇ. ಸಾಲಿನಲ್ಲಿ ನಿಂತವರೆಲ್ಲ ನನ್ನ ಗಿರಾಕಿಗಳೇ. "ನಮ್ಮೆಲ್ಲಾರ ಅಳತಿ ತಗೊಂಡೀರಿ, ಇವತ್ತ ನಿಮ್ಮ ಅಳತಿ ಬೇರೆಯವರು ತಗೋತಾರ್ರಿ" ಎಂದು ಒಬ್ಬಾಕೆ ಚೇಷ್ಟೆ ಮಾಡಿದಳು.

ಪರದೆಯ ಒಳಗೆ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ನಮ್ಮ ಕಡೆಯದೇ. "ನಿಮ್ಮ ತವರಮನ್ಯಾಗ ಯಾರಿಗರ ಎದೀದು ಕ್ಯಾನ್ಸರ್ ಆಗಿತ್ತೇನ್ರಿ?" ಎಂದು ಕೇಳಿದರು.

"ನಮ್ಮ ಅವ್ವಗ ಆಗಿತ್ರಿ. ಆದ್ರ ನನಗ ಆಕಿ ಮುಖ ಬಿದ್ದಿಲ್ರಿ. ಅಕ್ಕಗ ಬಿದ್ದೈತಿ, ಆಕಿ ತೋರಿಸಿಕೊಂಡಾಳ್ರಿ."

ಡಾಕ್ಟರು ತಲೆಯೆತ್ತಿ ನನ್ನನ್ನು ನೋಡಿದರು. ನಗಲಿಲ್ಲ, ಅದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವ.

"ಮುಖಕ್ಕೂ ಇದಕ್ಕೂ ಸಂಬಂಧ ಇಲ್ರಿ ಅಕ್ಕಾರ. ನಿಮ್ಮ ಅವ್ವಂದು ಅರ್ಧ ನಿಮ್ಮ ಅಕ್ಕಗೂ ಬಂದಿರ್ತೈತಿ, ಅರ್ಧ ನಿಮಗೂ ಬಂದಿರ್ತೈತಿ. ಆ ಅರ್ಧದಾಗ ಏನೇನ ಬಂದೈತಿ ಅನ್ನೂದು ಕನ್ನಡ್ಯಾಗ ಕಾಣೂದಿಲ್ಲ."

"ನನಗೂ ಅರ್ಧ ಬಂದೈತೇನ್ರಿ?"

"ಹೌದ್ರಿ. ಎಲ್ಲಾ ಮಕ್ಕಳಿಗೂ."

ಆ ಮಾತು ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ. ಇಷ್ಟು ವರ್ಷ ಯಾರೂ ಹೇಳದ ಮಾತನ್ನು, ಕುತ್ತಿಗೆಗೆ ಎದೆಬಡಿತ ಕೇಳುವ ಆಲೆ ಹಾಕಿಕೊಂಡ ಗುರುತಿಲ್ಲದ ಹುಡುಗಿ, ಮಳೆ ಬಂತು ಎನ್ನುವಷ್ಟು ಸಹಜವಾಗಿ ಹೇಳಿದ್ದಳು. ಅವ್ವ ನನ್ನಲ್ಲೂ ಅರ್ಧ ಇದ್ದಾಳೆ. ಜಂಪರದ ಗುಂಡಿ ಬಿಚ್ಚುತ್ತ ನಾನು ನಗುತ್ತಿದ್ದೆ. ಹೊರಗಿನ ಸಾಲಿನಲ್ಲಿ ಹೆದರಿ ನಿಂತ ಯಾರಾದರೂ ನೋಡಿದ್ದರೆ ಹುಚ್ಚಿ ಎನ್ನುತ್ತಿದ್ದರು.

"ಅಪ್ಪನ ಕಡೆ ಹೆಂಗಸರಿಗೆ ಯಾರಿಗರ ಏನರ?" ಡಾಕ್ಟರು ಮುಂದಿನದನ್ನು ಕೇಳಿದರು.

"ಹೆಣ್ಣಿನ ಬ್ಯಾನಿಗೆ ಅಪ್ಪನ ಕಡೆ ಯಾಕ ಬೇಕ್ರಿ?"

"ಬೇಕಾಗ್ತೈತ್ರಿ. ಅಪ್ಪನ ಕಡಿಂದನೂ ಹೆಣ್ಣಮಕ್ಕಳಿಗೆ ಬರ್ತೈತಿ."

ಆಗ ರಟ್ಟೀಹಳ್ಳಿಯ ಅತ್ತೆ ನೆನಪಾದಳು. ಅವಳ ಹೊಟ್ಟೆ ಬಾತು, ಬಸುರಿಯೇನೋ ಎಂದು ಮಂದಿ ಆಡಿಕೊಂಡು, ದೃಷ್ಟಿಯೆಂದು ತೆಗೆಸಿ, ಕೊನೆಗೆ ಒಳಗೆ ಗಡ್ಡೆ ಇತ್ತೆಂದು ಯಾರೋ ಹೇಳಿದ್ದನ್ನು ದೊಡ್ಡವರ ಮಾತಿನಲ್ಲಿ ಕೇಳಿದ್ದೆ. ಅದನ್ನು ಹೇಳಿದೆ. ಡಾಕ್ಟರು ಬರೆದುಕೊಂಡರು. ನನ್ನ ತಲೆ ಬೇರೆಯೇ ಕಡೆ ಓಡುತ್ತಿತ್ತು. ನನಗೆ ಅವ್ವನ ಅರ್ಧ ಬಂದಿದ್ದರೆ, ಅಕ್ಕನಿಗೂ ಅಪ್ಪನ ಅರ್ಧ ಬಂದಿರಬೇಕಲ್ಲ. ಅವಳೂ ಅರ್ಧ ಅಪ್ಪನ ಕಡೆಯವಳೇ. ಇದನ್ನು ಯಾವಾಗ ಅವಳ ಮುಂದೆ ಹೇಳಿಯೇನು ಎಂದು ಯೋಚಿಸುತ್ತಿರುವಾಗ, ನನ್ನ ಎಡ ಎದೆಯ ಮೇಲೆ ಆಡುತ್ತಿದ್ದ ಡಾಕ್ಟರ ಕೈ ನಿಂತಿತು. ಮುಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು.

"ಇದು ನಿಮಗ ಗೊತ್ತಿತ್ತೇನ್ರಿ?"

ಗೊತ್ತಿರಲಿಲ್ಲ. ಅಲಸಂದಿ ಕಾಳಿನಷ್ಟು ಇತ್ತು.

ಹುಬ್ಬಳ್ಳಿಗೆ ನಮ್ಮ ಮನೆಯವರೊಬ್ಬರೇ ಬಂದರು. ಎರಡು ಹಲಗೆಗಳ ನಡುವೆ ಎದೆಯನ್ನು ಒತ್ತಿ ಚಿತ್ರ ತೆಗೆದರು, ಅದಕ್ಕೆ ಮ್ಯಾಮೊಗ್ರಾಂ ಎನ್ನುತ್ತಾರೆ. ನೋವು ದೊಡ್ಡದಲ್ಲ, ರೊಟ್ಟಿ ತಟ್ಟಿಸಿಕೊಂಡ ಹಿಟ್ಟಿನ ಹಾಗೆ ಅನ್ನಿಸುತ್ತದೆ. ಆಮೇಲೆ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಅದೇ ಬ್ಯಾನಿ. "ಬೇಗ ಬಂದೀರಿ, ಛಲೋ ಆತು" ಎಂದರು ಅಲ್ಲಿಯ ಡಾಕ್ಟರು. ನಮ್ಮ ಮನೆಯವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ, "ಅಕ್ಕಾರಿಗೆ ಫೋನ್ ಮಾಡ್ಲೇನು?" ಎಂದು ಕೇಳಿದರು.

ಆಗ ನನಗೆ ಮೊದಲು ಅನಿಸಿದ್ದನ್ನು ಹೇಳಿದರೆ ನೀವು ನಂಬುವುದು ಕಷ್ಟ. ಗೆದ್ದೆ ಅನಿಸಿತು. ಮಾವ, ಚಿಕ್ಕವ್ವ, ಗದ್ದ ಹಿಡಿದ ಹೆಂಗಸರು ಎಲ್ಲರೂ ಸೇರಿ ಅಕ್ಕನಿಗೆ ಕೊಟ್ಟದ್ದು ನಿಜವಾಗಿ ಬಂದದ್ದು ನನಗೆ. ಆ ಗೆಲುವು ದವಾಖಾನೆಯ ಮೆಟ್ಟಿಲು ಇಳಿಯುವವರೆಗೂ ಇರಲಿಲ್ಲ. ಮೆಟ್ಟಿಲ ಮೇಲೆ ಮನೆಯವರ ತೋಳು ಹಿಡಿದು ಕೂತೆ. ಸಾಯುವ ಹೆದರಿಕೆ ಎಂದರೆ ಏನು ಎಂದು ಅಲ್ಲಿ ತಿಳಿಯಿತು.

ಗಡ್ಡೆ ಸಣ್ಣದಿದ್ದುದರಿಂದ ಅಷ್ಟು ಭಾಗವನ್ನೇ ತೆಗೆದರು, ಎದೆ ಉಳಿಯಿತು. ಆಮೇಲೆ ಕರೆಂಟು ಎಂದು ನಾವು ಕರೆಯುವ ಕಿರಣ ಚಿಕಿತ್ಸೆ ಕೊಟ್ಟರು, ಗುಳಿಗೆ ಕೊಟ್ಟರು. ಅಕ್ಕ ಹಾನಗಲ್ಲಿನ ಮನೆ ಬಿಟ್ಟು ಬಂದು ನಮ್ಮ ಸಣ್ಣ ಮನೆಯಲ್ಲಿ ನಿಂತಳು. ಮೊದಲನೆಯ ದಿನ ಗಾಯದ ಪಟ್ಟಿ ಬಿಚ್ಚಿ ಬಾಗಿ ನೋಡಿದಳು. "ಅವ್ವಂದು ಇದಕ್ಕಿಂತ ಬಾಳ ದೊಡ್ಡದಿತ್ತು" ಎಂದಳು. ಅವ್ವ ನನಗೆ ತೋರಿಸದೆ ಇದ್ದುದನ್ನು ಅವಳು ಅವತ್ತು ಹೇಳಿದಳು, ಎಲ್ಲಿಂದ ಎಲ್ಲಿಯವರೆಗೆ ಹೊಲಿಗೆ ಇತ್ತು, ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತಿದ್ದಳು, ನೀರು ಸುರಿದಾಗ ಹೇಗೆ ಹಲ್ಲು ಕಚ್ಚುತ್ತಿದ್ದಳು. ನಾನು ಹೊಟ್ಟೆಕಿಚ್ಚು ಪಟ್ಟ ಆ ಮುಚ್ಚಿದ ಬಾಗಿಲ ಒಳಗೆ ಅವಳು ಎಷ್ಟು ಒಬ್ಬಂಟಿಯಾಗಿದ್ದಳು ಎಂದು ಅವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೂ ಅವಳ ಮೇಲಿನ ಹೊಟ್ಟೆಕಿಚ್ಚು ಪೂರಾ ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳಿದ್ದಾರೆಯೇ.

ಮಾವ ಸೇಬು, ಎಳನೀರು ಹಿಡಿದುಕೊಂಡು ಬಂದರು. ಅಪ್ಪನ ಮುಖದವಳಿಗೆ ಅವ್ವನ ಬ್ಯಾನಿ ಹೇಗೆ ಬಂತೆಂದು ಅವರಿಗೆ ಬಗೆಹರಿಯಲಿಲ್ಲ. ಅಡಿಕೆ ಮುಗಿಯುವುದರೊಳಗೆ ಹೊಸ ತೀರ್ಪು ಸಿದ್ಧವಾಯಿತು.

"ಒಂದ ಮನ್ಯಾಗ ಒಬ್ಬಾಕಿಗೆ ಬಂತಂದ್ರ, ಇನ್ನೊಬ್ಬಾಕಿ ಪಾರಾದಂಗ. ದೊಡ್ಡಾಕಿಗೆ ಇನ್ನ ಚಿಂತಿ ಇಲ್ಲ."

ಈ ತೀರ್ಪನ್ನು ಅಕ್ಕ ಗಟ್ಟಿಯಾಗಿ ಹಿಡಿದುಕೊಂಡಳು. ಡಾಕ್ಟರು ನನಗೆ ಬೇರೆಯೇ ಹೇಳಿದ್ದರು. ತಾಯಿಗೆ ಆಗಿದೆ, ಈಗ ತಂಗಿಗೂ ಆಗಿದೆ, ಅಪ್ಪನ ಕಡೆಯೂ ಅನುಮಾನವಿದೆ, ಹೀಗಾಗಿ ಅಕ್ಕ ಈಗೊಮ್ಮೆ ಮತ್ತೆ ತೋರಿಸಬೇಕು, ವರ್ಷ ವರ್ಷ ತೋರಿಸುತ್ತಿರಬೇಕು, ಒಮ್ಮೆ ಏನೂ ಇಲ್ಲ ಎಂದರೆ ಜನ್ಮಕ್ಕೆಲ್ಲ ಇಲ್ಲ ಎಂದಲ್ಲ. ನಾನು ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದೆ.

"ನಂದು ಆಗೇತಲ್ಲ ತಂಗಿ, ಏನೂ ಇಲ್ಲ ಅಂದಾರ" ಎಂದಳು.

"ಅದು ಆವಾಗಿಂದು."

"ಮತ್ತ ಮತ್ತ ಯಾಕ ಕೆದರೂದು? ಕೆದರಿದ್ರ ಏಳತೈತಿ."

ಬೇಡಿಕೊಂಡೆ, ಬೈದೆ, ಆಣೆ ಹಾಕಿದೆ. ಭಾವನ ಕೈಯಲ್ಲಿ ಹೇಳಿಸಿದೆ. ಅಕ್ಕ ಎಲ್ಲಕ್ಕೂ ಹೂಂ ಅಂದಳು, ದಿನ ಮಾತ್ರ ಗೊತ್ತು ಮಾಡಲಿಲ್ಲ. ಅವಳಿಗೆ ಹೆದರಿಕೆ. ಅವ್ವನ ಗಾಯ ಕಂಡವಳು, ನನ್ನ ಗಾಯ ತೊಳೆದವಳು, ಮೂರನೆಯದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ಅವಳನ್ನು ಹೀಗೇ ಬಿಟ್ಟರೆ ಅವ್ವನ ಹಾಗೇ ತಡವಾಗುತ್ತದೆ ಎಂದು ನನಗೆ ನಿದ್ದೆ ಹತ್ತದಾಯಿತು.

ಒಂದು ಬೆಳಗ್ಗೆ ಅವಳು ನನ್ನ ತಲೆ ಬಾಚುತ್ತಿದ್ದಳು. ಬುದ್ಧಿಯ ಮಾತು ಮುಗಿದಿದ್ದವು. ನನಗೆ ಚೆನ್ನಾಗಿ ಗೊತ್ತಿರುವ ವಿದ್ಯೆ ಒಂದೇ, ಅದನ್ನೇ ತೆಗೆದೆ.

"ಅಕ್ಕಾ, ಡಾಕ್ಟರು ಏನಂದ್ರು ಗೊತ್ತೇನ? ಮುಖ ಬೀಳೂದು ಬರೇ ಮ್ಯಾಲಿಂದಂತ. ಒಳಗಿನ ಅವ್ವ ನನ್ನ ಕಡೆ ಬಂದಾಳ."

ಬಾಚಣಿಗೆ ನಿಂತಿತು. "ಹಂಗಂದ್ರ?"

"ಹಂಗಂದ್ರ, ಮ್ಯಾಲ ನೀ ಅವ್ವ. ಒಳಗ ನೀ ಅಪ್ಪನ್ ಕಡೀಕಿ ಇರಬೇಕು. ಪೂರಾ."

ನಾನು ಹಿಂದೆ ತಿರುಗಿ ನೋಡಿದೆ. ಅಕ್ಕನ ಮುಖ ಸಪ್ಪಗಾಗಿತ್ತು, ಮೂಗಿನ ಹೊಳ್ಳೆಗಳು ಸಣ್ಣಗೆ ಅರಳಿದ್ದವು. ಆ ಮುಖ ನನಗೆ ಗುರುತಿತ್ತು. ಅದು ಕಂಬಕ್ಕೆ ಒರಗಿ ಕೂತ ನನ್ನ ಮುಖ.

"ಅದ್ಹೆಂಗ? ನಾನೇನ ಅವ್ವನ ಮಗಳಲ್ಲೇನು?" ಎಂದಳು.

"ನನ್ನ ಕೇಳಿದ್ರ? ತೋರಿಸಿ ನೋಡು, ಡಾಕ್ಟರು ಹೇಳ್ತಾರ."

ನಾನು ಹೇಳಿದ್ದು ಅರ್ಧ ಸುಳ್ಳು. ಡಾಕ್ಟರು ಹೇಳಿದ್ದು ಇಬ್ಬರಿಗೂ ಅರ್ಧರ್ಧ. ಸಂಜೆ ಅಕ್ಕ ಪಾತ್ರೆ ತೊಳೆಯುತ್ತ, ನನ್ನ ಕಡೆ ನೋಡದೆಯೇ, "ನೀ ಮುಂದ ಹುಬ್ಬಳ್ಳಿಗೆ ಹೋಗೂ ಮುಂದ ನಾನೂ ಬರ್ತೇನಿ" ಎಂದಳು.

ಹೋದೆವು. ಈ ಸಲ 'ನೀ ಯಾಕ' ಎಂದು ಯಾರೂ ಕೇಳಲಿಲ್ಲ. ಅಕ್ಕ ತಾಳಿ, ಸರ ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಬಂದಳು, ಎಲ್ಲ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ನರ್ಸು, "ಅಕ್ಕಾರ, ಇನ್ನೊಮ್ಮೆ ಬರ್ರಿ, ಎಡಗಡೇದು ಮತ್ತ ತೆಗೀಬೇಕು" ಎಂದು ಕರೆದಳು. ಅಕ್ಕ ನನ್ನ ಕಡೆ ನೋಡಿದಳು. ಅವಳ ಸೆರಗು ಜಾರಿತ್ತು, ಅದನ್ನು ಸರಿಮಾಡಿಕೊಳ್ಳದೆಯೇ ತಿರುಗಿ ಹೋದಳು. ಬಾಗಿಲು ಮುಚ್ಚಿತು.

ಚಿತ್ರ ಮಸುಕು ಬಂದಿತ್ತು, ಅದಕ್ಕೆ ಕರೆದದ್ದು. ಅವಳಿಗೆ ಆ ವರ್ಷವೂ ಏನೂ ಇರಲಿಲ್ಲ, ಮುಂದಿನ ವರ್ಷವೂ ಇರಲಿಲ್ಲ. ಓದುವವರಿಗೆ ಇದನ್ನು ಈಗಲೇ ಹೇಳಿಬಿಡಬಹುದು, ಆದರೆ ಆ ಬೆಂಚಿನ ಮೇಲೆ ಕೂತವಳಿಗೆ ಯಾರೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ, ಅವಳಿಗೆ ಸಿಕ್ಕದ್ದು ನನಗೂ ಸಿಗಲಿ ಎಂದು ಬೇಡಿಕೊಂಡವಳು ನಾನು. ಅವತ್ತು ಅವಳ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬೇಡಿದಷ್ಟು ಜಿಪುಣತನದಿಂದ ನನ್ನ ಜನ್ಮದಲ್ಲಿ ಏನನ್ನೂ ಬೇಡಿರಲಿಲ್ಲ. ಅವ್ವಾ, ನೀನು ಕೊಟ್ಟದ್ದರಲ್ಲಿ ಇದೊಂದು ನನಗೊಬ್ಬಳಿಗೇ ಇರಲಿ. ಅಕ್ಕನಿಗೆ ಕೊಡಬೇಡ.